ಮಾಷ್ಟ್ರಿಗೆ ಸಿಕ್ಕಿದ ಒಂದೇ ಉಲ್ಲೇಖ

ನಮ್ಮ ಆಫೀಸಿನಲ್ಲಿ ಬೀಳ್ಕೊಡುಗೆ ಎಂದರೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಮತ್ತು ಮ್ಯಾನೇಜರು ಇಂಟರ್ನೆಟ್ಟಿನಿಂದ ಹೆಕ್ಕಿ ತಂದ ನಾಲ್ಕು ಒಳ್ಳೆಯ ಮಾತು. ಕಳೆದ ಮಾರ್ಚಿನಲ್ಲಿ ಮಾಷ್ಟ್ರು ಕೆಲಸ ಬಿಟ್ಟಾಗಲೂ ಇಷ್ಟೇ ಆಯಿತು. ಆದರೆ ಅವರು ಉಳಿದವರ ಹಾಗೆ ತಲೆ ತಗ್ಗಿಸಿ ಕೂರಲಿಲ್ಲ. "ಸಾವಿರಾರು ವಿದ್ಯಾರ್ಥಿಗಳ ಬಾಳಿಗೆ ಬೆಳಕಾದವರು" ಎಂದು ಮ್ಯಾನೇಜರು ಓದುತ್ತಿದ್ದ ಹಾಗೆ, ಹೊದ್ದ ಶಾಲಿನೊಳಗಿಂದಲೇ "ಆಧಾರ?" ಎಂದು ಕೇಳಿದರು.

ಮ್ಯಾನೇಜರು ತಬ್ಬಿಬ್ಬಾದರು. "ಎಂತ ಸರ್?"

"ಬೆಳಕಾದದ್ದಕ್ಕೆ ಆಧಾರ ಎಂತ? ನನ್ನ ಕ್ಲಾಸಿನಲ್ಲಿ ಮಧ್ಯಾಹ್ನದ ಮೇಲೆ ಅರ್ಧ ಮಕ್ಕಳು ನಿದ್ದೆ ಮಾಡ್ತಿದ್ರು ಮಾರಾಯ್ರೇ. ಅದಕ್ಕೆ ಬೇಕಾದ್ರೆ ಸಾಕ್ಷಿ ಉಂಟು. ಇವಳ ಅತ್ತೆಯ ಗಂಡನನ್ನು ಕೇಳಿ."

ಇವಳು ಎಂದರೆ ನಾನು. ನನ್ನ ಸೋದರತ್ತೆಯ ಗಂಡ ಒಂದು ಕಾಲದಲ್ಲಿ ಅವರ ವಿದ್ಯಾರ್ಥಿಯಾಗಿದ್ದರು ಎಂಬುದನ್ನು ಮಾಷ್ಟ್ರು ನಾನು ಕೆಲಸಕ್ಕೆ ಸೇರಿದ ದಿನವೇ ಪತ್ತೆ ಮಾಡಿದ್ದರು. ಮ್ಯಾನೇಜರ ಭಾಷಣ ಅಲ್ಲಿಗೇ ಮುಗಿಯಿತು. ಹಾಗಾಗಿ ಆ ದಿನ ಯಾರೂ ಹೇಳದೆ ಉಳಿದ ಕೆಲವು ಸಂಗತಿಗಳನ್ನು ನಾನಾದರೂ ಬರೆದಿಡೋಣ ಎಂದು ಕೂತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ ಪ್ರತಿ ಸಾಲಿಗೂ ಆಧಾರ ಕೇಳಿ ಫೋನು ಬರುತ್ತದೆ.

ನಮ್ಮದು ಮಣಿಪಾಲದಿಂದ ಪರ್ಕಳಕ್ಕೆ ಹೋಗುವ ರಸ್ತೆಯಲ್ಲಿ, ಒಂದು ಝೆರಾಕ್ಸ್ ಅಂಗಡಿಯ ಮೇಲಿರುವ ಆಫೀಸು. ದೇಶವಿದೇಶಗಳ ಜೀವವಿಜ್ಞಾನ ಪತ್ರಿಕೆಗಳನ್ನು ಇಂಟರ್ನೆಟ್ಟಿಗೆ ಏರಿಸುವುದಕ್ಕೆ ಸಜ್ಜು ಮಾಡಿಕೊಡುವುದು ನಮ್ಮ ಕೆಲಸ. ವಿಜ್ಞಾನಿಗಳು ಸೊಳ್ಳೆಯ ಬಗ್ಗೆ, ಭತ್ತದ ರೋಗದ ಬಗ್ಗೆ, ಹೆಸರು ಉಚ್ಚರಿಸಲಾಗದ ಪ್ರೋಟೀನುಗಳ ಬಗ್ಗೆ ಬರೆಯುತ್ತಾರೆ. ಬರೆಯುವಾಗ ಹಿಂದಿನವರ ಲೇಖನಗಳನ್ನು ಉಲ್ಲೇಖಿಸಿ ಒಂದೊಂದಕ್ಕೂ ನಂಬರು ಕೊಡುತ್ತಾರೆ. ಓದುವವನು ಆ ನಂಬರನ್ನು ಒತ್ತಿದರೆ ಹಿಂದಿನ ಲೇಖನವೇ ತೆರೆದುಕೊಳ್ಳಬೇಕು. ಜೀವಿಯ ಹೆಸರನ್ನು ಒತ್ತಿದರೆ ಅದರ ಕುಲಗೋತ್ರದ ಪುಟ ಬರಬೇಕು, ಜೀನಿನ ಹೆಸರನ್ನು ಒತ್ತಿದರೆ ಜೀನುಗಳ ಭಂಡಾರ ತೆರೆಯಬೇಕು. ಈ ಲಿಂಕುಗಳನ್ನು ಹಾಕುವವರು ನಾನು, ಪ್ರಮೀಳಾ ಮತ್ತು ಇನ್ನೊಂದಿಷ್ಟು ಜನ. ಅವು ಸರಿಯಾಗಿವೆಯೇ ಎಂದು ಕೊನೆಯಲ್ಲಿ ನೋಡುವವರು ಮಾಷ್ಟ್ರು.

ಕಾರ್ಕಳದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಅವರು ಇಲ್ಲಿಗೆ ಬಂದರು. ಮನೆ ಕಾಪುವಿನಲ್ಲಿ. ಮನೆಯಲ್ಲಿ ಕೂತರೆ ಹೆಂಡತಿ ಪ್ರತಿ ಮಾತಿಗೂ ಆಧಾರ ಕೇಳುತ್ತಾಳೆ, ಇಲ್ಲಿ ಬಂದರೆ ತಾನು ಕೇಳಬಹುದು ಎನ್ನುವುದು ಅವರು ಕೊಡುತ್ತಿದ್ದ ಕಾರಣ. ಅವರ ಹೆಂಡತಿಯನ್ನು ನೋಡಿದ ಮೇಲೆ ಅದು ತಮಾಷೆಯಲ್ಲ ಎಂದು ನನಗೆ ಗೊತ್ತಾಯಿತು.

ನಾನು ಸೇರಿದ ದಿನ ಮ್ಯಾನೇಜರು ನನ್ನನ್ನು ಅವರ ಮುಂದೆ ಕೂರಿಸಿ "ಕೆಲಸ ಹೇಳಿಕೊಡಿ ಸರ್" ಎಂದು ಹೋದರು. ಮಾಷ್ಟ್ರು ಕೆಲಸ ಹೇಳಿಕೊಡಲಿಲ್ಲ.

"ಊರು ಎಲ್ಲಿ?"

"ಕಾರ್ಕಳ ಸರ್."

"ಕಾರ್ಕಳದಲ್ಲಿ ಎಲ್ಲಿ? ತಾಯಿ ಮನೆ ಎಲ್ಲಿ? ತಂದೆಯ ಅಕ್ಕ ತಂಗಿಯರನ್ನು ಎಲ್ಲಿಗೆ ಕೊಟ್ಟದ್ದು?"

ನಮ್ಮ ಕಡೆ ಹೊಸಬರನ್ನು ಕಂಡರೆ ಎಲ್ಲರೂ ಇದನ್ನು ಕೇಳುತ್ತಾರೆ. ಎರಡು ಪ್ರಶ್ನೆ ಕೇಳಿ ಸುಮ್ಮನಾಗುತ್ತಾರೆ. ಮಾಷ್ಟ್ರು ಸುಮ್ಮನಾಗುವವರಲ್ಲ. ಬೆಳ್ಮಣ್, ಶಿರ್ವ, ಉಚ್ಚಿಲ ಎಂದು ನನ್ನ ನೆಂಟರಿಷ್ಟರ ಊರೆಲ್ಲ ಸುತ್ತಿಸಿ, ಕೊನೆಗೆ ಸೋದರತ್ತೆಯ ಗಂಡನ ಹತ್ತಿರ ಬಂದು ನಿಂತರು. ಕುರ್ಚಿಗೆ ಒರಗಿ ಕೈ ತಟ್ಟಿ, "ಹಾ! ಲಿಂಕ್ ಆಯ್ತು. ಇನ್ನು ಕೆಲಸ ಕಲಿಯುವ" ಎಂದರು. ಮಂಡ್ಯದಿಂದ ಬಂದ ಒಬ್ಬ ಹುಡುಗನಿಗೆ ಯಾವ ಲಿಂಕೂ ಸಿಗದೆ ಅವರು ಒಂದು ವಾರ ಚಡಪಡಿಸಿದ್ದರು. ಕೊನೆಗೆ ಅವನ ಚಿಕ್ಕಪ್ಪ ಮಲ್ಪೆಯಿಂದ ಮೀನಿನ ಲಾರಿ ಓಡಿಸುತ್ತಿದ್ದರು ಎಂದು ಗೊತ್ತಾದ ಮೇಲೆಯೇ ಅವನಿಗೆ ಪಾಸ್‌ವರ್ಡ್ ಕೊಟ್ಟದ್ದು.

ಅವರ ಪಾಠವೂ ಅದೇ ಧಾಟಿಯದು. "ಈ ನಂಬರ್ ಉಂಟಲ್ಲ, ಇದು ಒಂದು ಮನೆಗೆ ಹೋಗುವ ದಾರಿ. ಒತ್ತಿದವನನ್ನು ಮನೆಯ ಅಂಗಳಕ್ಕೆ ಮುಟ್ಟಿಸ್ಬೇಕು. ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ, ಇಲ್ಲೇ ಎಲ್ಲೋ ಉಂಟು, ಕೇಳಿಕೊಂಡು ಹೋಗು ಅಂತ ಹೇಳ್ಲಿಕ್ಕಿಲ್ಲ." ಕೆಲವು ಪತ್ರಿಕೆಗಳು ಚಂದಾ ಕೊಡದವರಿಗೆ ಲೇಖನ ತೆರೆಯುವುದಿಲ್ಲವಲ್ಲ ಸರ್ ಎಂದು ಕೇಳಿದೆ. "ಅಂಗಳದವರೆಗೆ ನಮ್ಮ ಜವಾಬ್ದಾರಿ. ಬಾಗಿಲು ತೆರೆಯುವುದು ಬಿಡುವುದು ಮನೆಯವರ ಬುದ್ಧಿ" ಎಂದರು.

ಲಿಂಕು ಕೆಲಸ ಮಾಡದಿದ್ದರೆ "ಇವರು ತೀರಿಕೊಂಡಿದ್ದಾರೆ" ಎನ್ನುತ್ತಿದ್ದರು. ಪುಟ ಬೇರೆ ಕಡೆಗೆ ಹೋಗಿದ್ದರೆ "ಮನೆ ಬದಲಾಯಿಸಿದ್ದಾರೆ, ಹೊಸ ವಿಳಾಸ ಹುಡುಕು." ಒಮ್ಮೆ ಝೆರಾಕ್ಸ್ ಅಂಗಡಿಯಾತ ಬಿಲ್ಲಿಗೆ ಸಹಿ ಹಾಕಿಸಲು ಮೇಲೆ ಬಂದಿದ್ದಾಗ, ಮಾಷ್ಟ್ರು ಪ್ರಮೀಳಾಳಿಗೆ "ನಿನ್ನ ಹನ್ನೆರಡನೆಯವರು ತೀರಿಕೊಂಡಿದ್ದಾರೆ, ಹದಿಮೂರನೆಯವರೂ ಹೋಗುವ ಅಂದಾಜು ಉಂಟು" ಎಂದರು. ಆತ ಬಿಲ್ಲನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಇಳಿದುಹೋದ. ಸಂಜೆ ಅವನ ಹೆಂಡತಿ ಬಂದು ಪ್ರಮೀಳಾಳ ಕೈ ಹಿಡಿದು ಸಮಾಧಾನ ಹೇಳಿದಳು.

ಆಧಾರ ಕೇಳುವ ಚಟವನ್ನು ಅವರು ಆಫೀಸಿನಲ್ಲಿ ಬಿಟ್ಟು ಹೋಗುತ್ತಿರಲಿಲ್ಲ. ಒಂದು ಭಾನುವಾರ ಕಾಪು ಮೀನು ಮಾರ್ಕೆಟ್ಟಿನಲ್ಲಿ ನಾನೇ ನೋಡಿದೆ. ಮೀನು ಮಾರುವ ಹೆಂಗಸು ಬಂಗುಡೆಯ ರಾಶಿ ತೋರಿಸಿ, ಈಗಷ್ಟೇ ದೋಣಿಯಿಂದ ಇಳಿದದ್ದು ಎಂದಳು. ಮಾಷ್ಟ್ರು ಸೊಂಟಕ್ಕೆ ಕೈಯಿಟ್ಟು, ತುಳುವಿನಲ್ಲಿ, ಅದಕ್ಕೆ ಆಧಾರ ಏನು ಎಂದು ಕೇಳಿದರು. ಅವಳು ಒಂದು ಬಂಗುಡೆಯನ್ನು ಎತ್ತಿ ಅವರ ಮುಖದ ಹತ್ತಿರ ಹಿಡಿದು, "ಬಂದವರು ಇವರೇ. ನೀವೇ ಕೇಳಿಕೊಳ್ಳಿ" ಎಂದಳು. ಸುತ್ತಲಿದ್ದವರೆಲ್ಲ ನಕ್ಕರು. ಮಾಷ್ಟ್ರು ನಗಲಿಲ್ಲ. ಬಂಗುಡೆಯ ಕಿವಿರು ಬಿಡಿಸಿ ನೋಡಿ, ತಲೆಯಾಡಿಸಿ, ಕೊಂಡುಕೊಂಡರು. ಮನೆಗೆ ಹೋದ ಮೇಲೆ ಅದು ನಿನ್ನೆಯ ಮೀನು ಎಂದು ಹೆಂಡತಿ ಬೈದರಂತೆ. ಮೀನಿನ ವಿಷಯದಲ್ಲಿ ಮಾಷ್ಟ್ರ ಪರೀಕ್ಷೆ ಪಾಸಾದದ್ದು ಕಡಿಮೆ.

ಆದರೆ ಲಿಂಕಿನ ವಿಷಯಕ್ಕೆ ಬಂದರೆ ಹಟ ಅಂದರೆ ಹಟ. ಒಂದು ಲೇಖನದಲ್ಲಿ ಯಾವುದೋ ಕಪ್ಪೆಯ ಆಯುಸ್ಸಿನ ಬಗ್ಗೆ ಒಂದು ಮಾತಿತ್ತು, ಅದಕ್ಕೊಂದು ಉಲ್ಲೇಖ. ಮಾಷ್ಟ್ರು ಅದನ್ನು ಒತ್ತಿ ನೋಡಿದರೆ ಆ ಲೇಖನದವನು ಇನ್ನೊಬ್ಬನನ್ನು ತೋರಿಸುತ್ತಾನೆ. ಅವನು ಮತ್ತೊಬ್ಬನನ್ನು. ಹೀಗೆ ಹಿಂದೆ ಹಿಂದೆ ಹೋಗಿ ಹೋಗಿ, ಕೊನೆಗೆ ಸಿಕ್ಕಿದ ಅತ್ಯಂತ ಹಳೆಯ ಲೇಖನದಲ್ಲಿ ಇದ್ದದ್ದು "ಎಲ್ಲರಿಗೂ ತಿಳಿದಿರುವಂತೆ" ಎಂಬ ಮಾತು. ಅವರ ಸಂತೋಷ ನೋಡಬೇಕಿತ್ತು. "ಇಷ್ಟು ಜನ ಸೇರಿ ಹೊತ್ತು ತಂದ ಪಲ್ಲಕ್ಕಿಯಲ್ಲಿ ದೇವರೇ ಇಲ್ಲ ಮಾರಾಯ್ತಿ!" ಎಂದು ಇಡೀ ಆಫೀಸಿಗೆ ಹೇಳಿ, ನಮ್ಮ ಕೈಯಲ್ಲಿದ್ದ ಲೇಖನದ ಲೇಖಕರಿಗೆ ಒಂದು ಮೇಲ್ ಕಳಿಸಿಯೇಬಿಟ್ಟರು: ತಾವು ಉಲ್ಲೇಖಿಸಿದ ಲೇಖನವನ್ನು ತಾವು ಸ್ವತಃ ಓದಿದ್ದೀರಾ?

ಲೇಖಕರು ಯುರೋಪಿನ ದೊಡ್ಡ ಪ್ರೊಫೆಸರು. ಅವರು ಪತ್ರಿಕೆಯವರಿಗೆ ದೂರು ಕೊಟ್ಟರು, ಪತ್ರಿಕೆಯವರು ಮ್ಯಾನೇಜರಿಗೆ. ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ ಬಂದರು.

"ಸರ್, ನಾವು ಪೋಸ್ಟ್‌ಮ್ಯಾನ್ ಇದ್ದ ಹಾಗೆ. ಕಾಗದ ಮುಟ್ಟಿಸ್ಬೇಕು. ಒಡೆದು ಓದ್ಲಿಕ್ಕಿಲ್ಲ."

"ಆ ವಿಳಾಸದಲ್ಲಿ ಮನೆಯೇ ಇಲ್ಲದಿದ್ರೆ ಪೋಸ್ಟ್‌ಮ್ಯಾನ್ ಎಂತ ಮಾಡ್ತಾನೆ? ನಿಮ್ಮ ಮನೆಗೆ ಹಾಕಿ ಹೋಗ್ತಾನಾ?"

ಪ್ರೊಫೆಸರು ಕೊನೆಗೆ ಆ ಸಾಲನ್ನೇ ತೆಗೆದುಹಾಕಿದರು. ಮಾಷ್ಟ್ರು ಗೆದ್ದೆ ಎಂದು ಬೀಗಿದರು. ಮ್ಯಾನೇಜರು ಅವರ ಮೇಲ್ ಹೊರಗೆ ಹೋಗದ ಹಾಗೆ ಮಾಡಿಸಿದರು. ಅಂದಿನಿಂದ ಅವರು ಕೇಳಬೇಕಾದದ್ದನ್ನು ನಮ್ಮ ಕೈಯಲ್ಲಿ ಕೇಳಿಸುತ್ತಿದ್ದರು.

ಇಷ್ಟೆಲ್ಲ ಜೋರಿನ ಮನುಷ್ಯನಿಗೆ ಒಂದೇ ಒಂದು ನೋವಿತ್ತು. ಅದನ್ನು ಅವರು ಮುಚ್ಚಿಡಲೂ ಇಲ್ಲ.

ಕಾಲೇಜಿನಲ್ಲಿದ್ದಾಗ ಅವರು ಒಂದು ಸಂಶೋಧನಾ ಲೇಖನ ಬರೆದಿದ್ದರು. ಜೀವಮಾನದಲ್ಲಿ ಒಂದೇ. ಉದ್ಯಾವರ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಸಿಗುವ ಮರುವಾಯಿಯ ಬಗ್ಗೆ. ಮರುವಾಯಿ ಎಂದರೆ ನಮ್ಮಲ್ಲಿ ಸುಕ್ಕ ಮಾಡಿ ತಿನ್ನುವ ಚಿಪ್ಪಿನ ಜೀವಿ. ಅವರು ಭಾನುವಾರ ಭಾನುವಾರ ಹೊಳೆಗಿಳಿದು ಮರುವಾಯಿ ತಂದು, ಕೊಯ್ದು, ಅದು ವರ್ಷದಲ್ಲಿ ಒಂದೇ ಸಲ, ಮಳೆಗಾಲ ಮುಗಿದ ಮೇಲೆ ಮೊಟ್ಟೆ ಬಿಡುತ್ತದೆ ಎಂದು ಬರೆದರು. ಅವರ ಹೆಂಡತಿ ನನ್ನ ಹತ್ತಿರ ಹೇಳಿದ್ದುಂಟು: "ಊರಿನವರೆಲ್ಲ ತಿನ್ಲಿಕ್ಕೆ ತರ್ತಾರೆ, ಇವರು ನೋಡ್ಲಿಕ್ಕೆ ತರ್ತಿದ್ರು. ನನಗೆ ಒಂದು ದಿನವೂ ಸುಕ್ಕಕ್ಕೆ ಆಗುವಷ್ಟು ಉಳಿಸಿದವರಲ್ಲ."

ಲೇಖನ ಅವರ ಕಾಲೇಜಿನದೇ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಪತ್ರಿಕೆ ಕೆಲವು ಸಂಚಿಕೆ ಬಂದು ನಿಂತುಹೋಯಿತು. ಮಾಷ್ಟ್ರು ಬಿಡಿ ಪ್ರತಿಗಳನ್ನು ಲಕೋಟೆಯಲ್ಲಿ ಹಾಕಿ ಮಂಗಳೂರು, ಗೋವಾ, ಕೊಚ್ಚಿಯ ಪ್ರೊಫೆಸರುಗಳಿಗೆಲ್ಲ ಕಳಿಸಿದರು. ಒಬ್ಬರೂ ಉತ್ತರ ಬರೆಯಲಿಲ್ಲ. ಒಬ್ಬರೂ ತಮ್ಮ ಲೇಖನದಲ್ಲಿ ಅದನ್ನು ಉಲ್ಲೇಖಿಸಲಿಲ್ಲ. ಮನೆಯಲ್ಲಿ ಉಳಿದ ಪ್ರತಿಗಳನ್ನು ಗೆದ್ದಲು ತಿಂದಿತು. "ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹೋದದ್ದು ಅದೊಂದೇ" ಎಂದು ಮಾಷ್ಟ್ರು ಹೇಳುತ್ತಿದ್ದರು.

ಪ್ರತಿ ಸೋಮವಾರ ಬೆಳಿಗ್ಗೆ ಚಾ ಕುಡಿಯುವ ಮೊದಲು ಅವರು ಕಂಪ್ಯೂಟರಿನಲ್ಲಿ ತಮ್ಮ ಲೇಖನದ ಹೆಸರು ಹಾಕಿ ಹುಡುಕುತ್ತಿದ್ದರು. ಏನೂ ಬರುತ್ತಿರಲಿಲ್ಲ. "ಯಾರೂ ಬರ್ಲಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಇತರರ ಉಲ್ಲೇಖಗಳನ್ನು ತಿದ್ದಲು ಕೂರುತ್ತಿದ್ದರು. ದಿನವಿಡೀ ಊರವರ ಮನೆಗೆ ದಾರಿ ತೋರಿಸುವ ಮನುಷ್ಯನ ಮನೆಗೆ ದಾರಿಯೇ ಇರಲಿಲ್ಲ. ನಮಗೆ ನಗುವೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ಪ್ರಮೀಳಾಳಿಗೆ ಸಂಕಟ ಸ್ವಲ್ಪ ಜಾಸ್ತಿ. ಒಂದು ದಿನ ಕೇರಳದವರ ಲೇಖನವೊಂದು ಬಂತು, ಅಳಿವೆಯ ಚಿಪ್ಪುಜೀವಿಗಳ ಬಗ್ಗೆ. ಅದರಲ್ಲಿ "ಇಂಥ ಜೀವಿಗಳ ಬಗ್ಗೆ ಪಶ್ಚಿಮ ಕರಾವಳಿಯಲ್ಲಿ ಹಲವು ಅಧ್ಯಯನಗಳಾಗಿವೆ" ಎಂಬ ಸಾಲಿತ್ತು, ಮುಂದೆ ನಾಲ್ಕಾರು ನಂಬರು. ಪ್ರಮೀಳಾ ಸದ್ದಿಲ್ಲದೆ ಇನ್ನೊಂದು ನಂಬರು ಸೇರಿಸಿದಳು, ಕೆಳಗಿನ ಪಟ್ಟಿಯಲ್ಲಿ ಮಾಷ್ಟ್ರ ಲೇಖನ ಹಾಕಿದಳು. "ಯಾರಿಗೆ ನಷ್ಟ ಹೇಳು?" ಎಂದು ನನಗೆ ಕಣ್ಣು ಹೊಡೆದಳು. ಅದು ಕೊನೆಯ ಪರಿಶೀಲನೆಗೆ ಮಾಷ್ಟ್ರ ಮೇಜಿಗೇ ಹೋಗುತ್ತದೆ ಎನ್ನುವುದನ್ನು ಅವಳು ಲೆಕ್ಕ ಹಾಕಿಯೇ ಇದ್ದಳು. ಕಂಡು ಖುಷಿಪಡಲಿ ಎಂಬುದೇ ಅವಳ ಉದ್ದೇಶ.

ಊಟದ ಹೊತ್ತಿಗೆ ನಾವು ಡಬ್ಬಿ ತೆರೆದು ಕೂತಾಗ ಮಾಷ್ಟ್ರು ಬಂದರು.

"ಇದು ಯಾರ ಕೆಲಸ?"

ಪ್ರಮೀಳಾ ಅನ್ನದ ಕಡೆ ನೋಡಿದಳು.

"ಕರೆಯದ ಮದುವೆಗೆ ಕರ್ಕೊಂಡು ಹೋಗಿ ನನ್ನನ್ನು ಊಟದ ಪಂಕ್ತಿಯಲ್ಲಿ ಕೂರಿಸಿದ್ದೀಯಲ್ಲ! ಮದುಮಗನ ಕಡೆಯವರು ಬಂದು ನೀವು ಯಾರು ಅಂತ ಕೇಳಿದ್ರೆ ನಾನು ಎಂತ ಹೇಳ್ಲಿ?"

"ಸರ್, ಅವರು ಗಮನಿಸುವುದೂ ಇಲ್ಲ."

"ಗಮನಿಸದವರ ಮನೆಯಲ್ಲಿ ಉಣ್ಣುವುದು ಇನ್ನೂ ಅವಮಾನ. ತೆಗೆದಿದ್ದೇನೆ."

ಅಷ್ಟು ಹೇಳಿ ಹೊರಟವರು ಬಾಗಿಲ ಹತ್ತಿರ ನಿಂತರು. ತಿರುಗದೆಯೇ, ದನಿ ತಗ್ಗಿಸಿ, "ಕೂಡಲೇ ತೆಗೆಯಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇಟ್ಟು ನೋಡಿದೆ. ಚಂದ ಕಾಣ್ತಿತ್ತು" ಎಂದರು. ಪ್ರಮೀಳಾ ಅವತ್ತು ಸರಿಯಾಗಿ ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಅದಾಗಿ ಒಂದು ವರ್ಷವೂ ಆಗಿರಲಿಲ್ಲ. ಮಂಗಳೂರಿನ ಒಬ್ಬ ಸಂಶೋಧಕಿಯ ಲೇಖನ ನನ್ನ ಪಾಲಿಗೆ ಬಂತು. ಕರಾವಳಿಯ ಅಳಿವೆಗಳ ಮರುವಾಯಿಯ ಸಂತಾನಕಾಲದ ಬಗ್ಗೆ. ಲಿಂಕು ಹಾಕುವ ಸಾಫ್ಟ್‌ವೇರು ಎಲ್ಲ ಉಲ್ಲೇಖಗಳಿಗೂ ಹಸಿರು ಬಣ್ಣ ಕೊಟ್ಟಿತ್ತು, ಒಂದಕ್ಕೆ ಮಾತ್ರ ಕೆಂಪು. ಕೆಂಪು ಎಂದರೆ ಇಂಟರ್ನೆಟ್ಟಿನಲ್ಲಿ ಎಲ್ಲೂ ಸಿಕ್ಕಲಿಲ್ಲ ಎಂದು ಅರ್ಥ. ಓದಿ ನೋಡಿದೆ. ಮಾಷ್ಟ್ರ ಹೆಸರು. ಮಾಷ್ಟ್ರ ಮರುವಾಯಿ. ನಾನು ಕಿರುಚಿದ್ದು ಝೆರಾಕ್ಸ್ ಅಂಗಡಿಗೂ ಕೇಳಿಸಿತಂತೆ.

"ನೀನು ಸೇರಿಸಿದ್ದಾ?" ಎಂದು ಪ್ರಮೀಳಾಳನ್ನು ಕೇಳಿದೆ.

"ದೇವರಾಣೆ ಇಲ್ಲ ಮಾರಾಯ್ತಿ!"

ಇಬ್ಬರೂ ಸೇರಿ ಆ ನಂಬರು ಇದ್ದ ಸಾಲನ್ನು ಹುಡುಕಿದೆವು. ಓದಿದ ಮೇಲೆ ಇಬ್ಬರ ಮುಖವೂ ಇಳಿಯಿತು. ಮರುವಾಯಿ ವರ್ಷಕ್ಕೆ ಒಂದೇ ಸಲ ಮೊಟ್ಟೆ ಬಿಡುತ್ತದೆ ಎಂಬ ಹಿಂದಿನ ವರದಿ ಸರಿಯಲ್ಲ, ಎರಡನೆಯ ಸಲ ಬೇಸಿಗೆಯಲ್ಲಿ ಬಿಡುತ್ತದೆ, ಆ ವರದಿಗಾರರ ಬಳಿ ಏಪ್ರಿಲ್ ಮತ್ತು ಮೇ ತಿಂಗಳ ಮಾದರಿಗಳೇ ಇರಲಿಲ್ಲ ಎಂದು ಬರೆದಿತ್ತು.

ಜೀವಮಾನವಿಡೀ ಕಾದದ್ದಕ್ಕೆ ಬಂದ ಒಂದೇ ಉಲ್ಲೇಖ, ಅದೂ ನೀವು ತಪ್ಪು ಎಂದು ಹೇಳುವುದಕ್ಕೆ.

"ತೋರಿಸ್ಬೇಡ" ಎಂದಳು ಪ್ರಮೀಳಾ. ತೋರಿಸದೆ ಇರಲು ಸಾಧ್ಯವಿರಲಿಲ್ಲ, ಅವರು ನೋಡದೆ ಯಾವುದೂ ಹೊರಗೆ ಹೋಗುತ್ತಿರಲಿಲ್ಲ. ನಾನೇ ಅವರ ಮೇಜಿಗೆ ಹೋಗಿ, "ಸರ್, ಒಂದು ಕೆಂಪು ಉಂಟು" ಎಂದೆ. ಅವರು ಕನ್ನಡಕ ಮೂಗಿಗೆ ಏರಿಸಿ ಓದಿದರು. ಮತ್ತೊಮ್ಮೆ ಓದಿದರು. ನನಗೆ ಅವರ ಮುಖ ನೋಡುವ ಧೈರ್ಯವಾಗದೆ ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತೆ.

"ಏಪ್ರಿಲ್, ಮೇ" ಎಂದರು ಮಾಷ್ಟ್ರು. "ಹೌದಲ್ಲ! ಆ ಎರಡು ತಿಂಗಳು ನಾನು ಮಂಗಳೂರಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಭಾನುವಾರವೂ ಬಿಡ್ತಿರ್ಲಿಲ್ಲ. ಮಾಷ್ಟ್ರಿಗೆ ಮೌಲ್ಯಮಾಪನ ಉಂಟು ಅಂತ ಮರುವಾಯಿ ಕಾಯ್ತದಾ?"

ಅಷ್ಟರಲ್ಲಿ ಮ್ಯಾನೇಜರು ಬಂದರು. ಅವರು ಕೆಟ್ಟವರಲ್ಲ, ವಿಷಯ ತಿಳಿದು ನಿಜವಾಗಿಯೂ ಸಹಾಯ ಮಾಡಲು ನೋಡಿದರು. ನಮ್ಮಲ್ಲಿ ಸಿಗದ ಉಲ್ಲೇಖಕ್ಕೆ ಒಂದು ಕ್ರಮ ಇದೆ. "ಇದು ಸಿಗುತ್ತಿಲ್ಲ, ತೆಗೆಯಬಹುದೇ?" ಎಂದು ಲೇಖಕರನ್ನು ಕೇಳುತ್ತೇವೆ. ನೂರಕ್ಕೆ ತೊಂಬತ್ತು ಮಂದಿ ತೆಗೆಯಿರಿ ಎನ್ನುತ್ತಾರೆ.

"ಅದೇ ಮಾಡುವ ಸರ್. ಹೇಗೂ ನೆಟ್‌ನಲ್ಲಿ ಇಲ್ಲ. ತೆಗೆಸಿ ಬಿಟ್ರೆ ಯಾರಿಗೂ ಗೊತ್ತಾಗುವುದಿಲ್ಲ. ನಿಮಗೂ ಸುಖ."

ಮಾಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಾರಾಯ್ರೇ, ಇಷ್ಟು ವರ್ಷದಲ್ಲಿ ನನ್ನ ಮನೆಗೆ ಬಂದದ್ದು ಒಬ್ಬಳೇ. ಜಗಳಕ್ಕೇ ಬಂದಿರ್ಬಹುದು. ಹಾಗಂತ ಒಳಗೆ ಯಾರೂ ಇಲ್ಲ ಅಂತ ಹೇಳಿ ಕಳಿಸ್ಲಿಕ್ಕಾಗ್ತದಾ?"

ಅವಳ ನಂಬರು ಒತ್ತಿದವರು ತಮ್ಮ ಲೇಖನಕ್ಕೆ ಬಂದು ಮುಟ್ಟಬೇಕು, ಆದ್ದರಿಂದ ಲೇಖನ ಇಂಟರ್ನೆಟ್ಟಿಗೆ ಏರಬೇಕು ಎಂದು ಅವರು ತೀರ್ಮಾನ ಮಾಡಿಯಾಗಿತ್ತು. ಸಂಶೋಧಕಿಯ ಲೇಖನ ಸಜ್ಜು ಮಾಡಿ ಕಳಿಸಲು ನಮಗೆ ಒಂದು ವಾರದ ಗಡುವು ಇತ್ತು. ಮರುದಿನವೇ ನನ್ನನ್ನು ಕರೆದುಕೊಂಡು ಕಾರ್ಕಳದ ಬಸ್ಸು ಹತ್ತಿದರು. ಕಾಲೇಜಿನ ಲೈಬ್ರರಿಯಲ್ಲಿ ಆ ಪತ್ರಿಕೆಯ ಒಂದು ಪ್ರತಿಯಾದರೂ ಇರಲೇಬೇಕು ಎಂಬ ನಂಬಿಕೆ. ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೂ ಲಿಂಕು ಹುಡುಕಲಿಲ್ಲ, ಅಷ್ಟು ಗಂಭೀರವಾಗಿದ್ದರು.

ಈಗಿನ ಪ್ರಿನ್ಸಿಪಾಲರು ಅವರ ಶಿಷ್ಯರೇ. ಬಹಳ ಗೌರವದಿಂದ ಕೂರಿಸಿ ಎಳನೀರು ತರಿಸಿದರು. ಕಾಲೇಜಿಗೆ ತಪಾಸಣೆಯ ತಂಡ ಬರುವುದಿತ್ತು, ಹಳೆಯ ಸಂಶೋಧನೆಗಳನ್ನು ವೆಬ್‌ಸೈಟಿಗೆ ಹಾಕುವ ಕೆಲಸ ಅವರಲ್ಲೂ ಶುರುವಾಗಿತ್ತು, ಹಾಗಾಗಿ ಮಾಷ್ಟ್ರು ಹೇಳಿದ್ದಕ್ಕೆಲ್ಲ ಹೂಂ ಎಂದರು. ಲೈಬ್ರರಿಯ ಮೂಲೆಯಿಂದ ಪ್ರತಿಯೂ ಬಂತು. ಹಾಳೆ ಹಳದಿಯಾಗಿತ್ತು, ಅಕ್ಷರಗಳು ಚೆನ್ನಾಗಿದ್ದವು. ಮಾಷ್ಟ್ರು ನಿಂತಲ್ಲೇ ಪೂರ್ತಿ ಓದಿದರು. ಓದುವಾಗ ಅವರ ತುಟಿ ಅಲ್ಲಾಡುತ್ತಿತ್ತು.

ಪ್ರಿನ್ಸಿಪಾಲರಿಗೆ ವಿಷಯ ಗೊತ್ತಾದಾಗ ಸ್ವಲ್ಪ ಕಸಿವಿಸಿಯಾಯಿತು. "ಸರ್, ಹೇಗೂ ಹೊಸದಾಗಿ ಟೈಪ್ ಮಾಡಿ ಹಾಕುವುದಲ್ವಾ? ಆ ಒಂದು ವಾಕ್ಯ ಸ್ವಲ್ಪ ಸರಿ ಮಾಡಿ ಹಾಕುವ. 'ಬೇಸಿಗೆಯ ಬಗ್ಗೆ ಇನ್ನೂ ಅಧ್ಯಯನ ಆಗಬೇಕು' ಅಂತ ಒಂದು ಸಾಲು ಸೇರಿಸಿದ್ರೆ ಆಯ್ತು. ಬೇರೆ ಪ್ರತಿ ಎಲ್ಲಿ ಉಂಟು? ಯಾರು ನೋಡ್ತಾರೆ?"

ನಿಜ ಹೇಳಬೇಕೆಂದರೆ, ಮಾಷ್ಟ್ರು ಒಪ್ಪಲಿ ಎಂದು ನನ್ನ ಮನಸ್ಸು ಬಯಸುತ್ತಿತ್ತು. ಒಂದೇ ಒಂದು ಸಾಲು. ಅವರು ಗೆದ್ದ ಹಾಗೇ ಆಗುತ್ತಿತ್ತು.

ಮಾಷ್ಟ್ರು ಶಿಷ್ಯನ ಭುಜದ ಮೇಲೆ ಕೈಯಿಟ್ಟರು. "ನೀನು ಆಗಲೂ ಹಾಗೇ. ನನಗೆ ಖುಷಿಯಾಗ್ಲಿ ಅಂತ ರೆಕಾರ್ಡ್ ಪುಸ್ತಕದಲ್ಲಿ ಜಿರಳೆಗೆ ಎರಡು ಕಾಲು ಹೆಚ್ಚು ಬಿಡಿಸ್ತಿದ್ದಿ. ನೋಡು, ಆ ಹುಡುಗಿ ಜಗಳ ಮಾಡಿದ್ದು ಈ ವಾಕ್ಯದ ಹತ್ತಿರ. ಅವಳು ಹೇಳಿದ್ದನ್ನು ಓದಿ ಯಾರೋ ಇಲ್ಲಿಗೆ ಬರ್ತಾರೆ. ಬಂದಾಗ ವಾಕ್ಯ ಇಲ್ಲಿ ಇಲ್ಲದಿದ್ರೆ ಅವಳೇ ಸುಳ್ಳು ಹೇಳಿದ ಹಾಗೆ ಆಗ್ತದೆ. ಹಾಗೇ ಫೋಟೋ ತೆಗೆದು ಹಾಕು. ಚುಕ್ಕೆ ಕೂಡ ಮುಟ್ಟಬೇಡ."

ಹಾಗೆಯೇ ಹಾಕಿದರು. ಪ್ರತಿ ಲೇಖನಕ್ಕೂ ಇರಬೇಕಾದ ಶಾಶ್ವತ ನಂಬರನ್ನು ನಮ್ಮ ಆಫೀಸಿನವರೇ ಓಡಾಡಿ ಮಾಡಿಸಿಕೊಟ್ಟರು. ಈ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡಿದವರು ಮ್ಯಾನೇಜರೇ.

ಮಾಷ್ಟ್ರು ನಮ್ಮಲ್ಲೇ ಇದ್ದಾರೆ ಎಂದು ನಾನು ಬರೆದ ಮೇಲ್ ನೋಡಿ, ಲೇಖನ ಪ್ರಕಟವಾಗುವ ಮೊದಲು ಸಂಶೋಧಕಿಯ ಫೋನು ಬಂತು. ನಾನು ಸ್ಪೀಕರಿಗೆ ಹಾಕಿದೆ. "ಸರ್, ನಮ್ಮ ವಿಭಾಗದ ಕಪಾಟಿನಲ್ಲಿ ನೀವು ಕಳಿಸಿದ ಲಕೋಟೆ ಸಿಕ್ಕಿತು. ಯಾರೂ ಒಡೆದಿರ್ಲಿಲ್ಲ. ನೀವು ಈಗಲೂ ಇದ್ದೀರಿ ಅಂತ ಗೊತ್ತಿರ್ಲಿಲ್ಲ ಸರ್. ಗೊತ್ತಿದ್ರೆ ಸ್ವಲ್ಪ ಮೆತ್ತಗೆ ಬರೀತಿದ್ದೆ."

"ಒಳ್ಳೆದಾಯ್ತು ಗೊತ್ತಾಗದೆ ಇದ್ದದ್ದು" ಎಂದರು ಮಾಷ್ಟ್ರು. "ಅದಿರ್ಲಿ, ನಿನ್ನ ಊರು ಎಲ್ಲಿ? ತಾಯಿ ಮನೆ ಎಲ್ಲಿ?"

ಪ್ರಕಟವಾದ ದಿನ ನಾವೆಲ್ಲ ಅವರ ಮೇಜಿನ ಸುತ್ತ ಸೇರಿದೆವು. ಮಾಷ್ಟ್ರು ತಮ್ಮ ಕೈಯಿಂದಲೇ ನಂಬರು ಒತ್ತಿದರು. ಹಳದಿ ಹಾಳೆಯ ಚಿತ್ರ ತೆರೆದುಕೊಂಡಿತು. ಕೆಳಗೆ, ಉಲ್ಲೇಖಿಸಿದವರು ಎಂಬಲ್ಲಿ, ಒಂದು ಎಂದಿತ್ತು. ಅವರು ಎದ್ದು ಹೊರಗೆ ಹೋದರು. ಕಣ್ಣೀರು ಒರೆಸಿಕೊಳ್ಳಲು ಹೋದರೇನೋ ಎಂದುಕೊಂಡೆವು. ಅರ್ಧ ಗಂಟೆಯಲ್ಲಿ ಬಿಸಿ ಗೋಳಿಬಜೆಯ ದೊಡ್ಡ ಪೊಟ್ಟಣ ಹಿಡಿದು ಬಂದರು. ಝೆರಾಕ್ಸ್ ಅಂಗಡಿಯಾತನಿಗೂ ಕೊಟ್ಟರು. ಏನು ವಿಶೇಷ ಎಂದು ಆತ ಕೇಳಿದ್ದಕ್ಕೆ, "ನಾನು ತಪ್ಪು ಅಂತ ಪ್ರಕಟ ಆಯ್ತು" ಎಂದರು. ಆತ ಅಂದಿನಿಂದ ನಮ್ಮ ಆಫೀಸಿಗೆ ಬಿಲ್ಲು ಕೊಡಲು ಹೆಂಡತಿಯನ್ನೇ ಕಳಿಸುತ್ತಾನೆ.

ಇದಾದ ಮೇಲೆ ಅವರು ಮ್ಯಾನೇಜರ ಬಳಿ ಎರಡು ತಿಂಗಳ ರಜೆ ಕೇಳಿದರು. ಏಪ್ರಿಲ್ ಮತ್ತು ಮೇ. ಅಷ್ಟು ರಜೆ ಕೊಡುವ ಕ್ರಮ ಇಲ್ಲ ಎಂದು ಮ್ಯಾನೇಜರು ಬೇಸರದಿಂದಲೇ ಹೇಳಿದರು. ಮಾಷ್ಟ್ರು ಬೇಸರವಿಲ್ಲದೆ ರಾಜೀನಾಮೆ ಕೊಟ್ಟರು. ಶಾಲು ಹೊದಿಸಿದ್ದು ಇದೇ ಕಾರಣಕ್ಕೆ, ವಿಶ್ರಾಂತಿ ಜೀವನಕ್ಕಲ್ಲ.

ಏಪ್ರಿಲ್‌ನ ಒಂದು ಭಾನುವಾರ ನಾನೂ ಪ್ರಮೀಳಾಳೂ ಕಾಪುವಿಗೆ ಹೋದೆವು. ಅವರ ಹೆಂಡತಿ ನಮ್ಮನ್ನು ಹೊಳೆಯ ಕಡೆಗೆ ಕಳಿಸಿದರು, ಬರುವಾಗ ಸುಕ್ಕಕ್ಕೆ ಒಂದಿಷ್ಟು ಉಳಿಸಿ ತರಲು ಹೇಳಿ ಎಂದರು. ನೀರು ಇಳಿದಿದ್ದ ಹೊತ್ತು. ಬಿಸಿಲು ಸುಡುತ್ತಿತ್ತು. ಅಳಿವೆಯ ಕೆಸರಿನಲ್ಲಿ ಪ್ಯಾಂಟು ಮೊಣಕಾಲಿಗೆ ಮಡಚಿ ಮಾಷ್ಟ್ರು ಬಗ್ಗಿದ್ದರು, ಪಕ್ಕದಲ್ಲಿ ಬಕೆಟ್ ಹಿಡಿದು ಆ ಮಂಗಳೂರಿನ ಹುಡುಗಿ. ಅವರು ಕೆಸರಿನಲ್ಲಿ ಕೈಯಾಡಿಸಿ ಒಂದು ಮರುವಾಯಿ ಎತ್ತಿದರು, ಚೂರಿಯಿಂದ ಚಿಪ್ಪು ಬಿಡಿಸಿದರು, ಕನ್ನಡಕ ಹಣೆಗೆ ಸರಿಸಿ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಒಳಗೆ ಮೊಟ್ಟೆ ತುಂಬಿ ಉಬ್ಬಿದ ಹಾಲುಬಣ್ಣದ ಗಂಟು ಇತ್ತಂತೆ. ದಡದಲ್ಲಿದ್ದ ನಮಗೆ ಅದೇನೂ ಕಾಣುತ್ತಿರಲಿಲ್ಲ. ನಮಗೆ ಕಂಡದ್ದು, ಮಾಷ್ಟ್ರು ಚಿಪ್ಪನ್ನು ತಲೆಯ ಮೇಲೆ ಎತ್ತಿ ಹಿಡಿದು, ಕೆಸರಿನಲ್ಲಿ ಎಡವುತ್ತ, ಗೆದ್ದ ಹುಡುಗನ ಹಾಗೆ ನಮ್ಮತ್ತ ಓಡಿ ಬರುತ್ತಿದ್ದದ್ದು.

"ನೋಡಿ ಮಾರಾಯ್ತಿ, ನೋಡಿ! ಎಷ್ಟು ಸ್ಪಷ್ಟ ಉಂಟು! ನಾನು ಪೂರ್ತಿ ತಪ್ಪು!"